ಹದಿಮೂರು ವಸಾಹತುಗಳು ಅಮೆರಿಕ ಎಂಬ ದೇಶವಾದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

1776ರ ಜುಲೈ 4 ಎಂಬ ತಾರೀಖು ಹೆಚ್ಚಿನವರಿಗೆ ಗೊತ್ತು. ಆದರೆ ಆ ಒಂದೇ ದಿನ ಒಂದು ದೇಶ ಹುಟ್ಟಿತು ಎಂದುಕೊಂಡರೆ ಕತೆಯ ಮುಕ್ಕಾಲು ಪಾಲು ಕೈತಪ್ಪುತ್ತದೆ. ಸಾಮ್ರಾಜ್ಯದಿಂದ ಹೊರಬರಲು ಆ ಜನರಿಗೆ ಒಂದು ಹೋರಾಟ ಬೇಕಾಯಿತು. ಹೊರಬಂದ ಮೇಲೆ ಒಟ್ಟಿಗೆ ಇರಲು ಇನ್ನೊಂದು ಹೋರಾಟ ಬೇಕಾಯಿತು. ಎರಡನೆಯದೇ ಜಾಸ್ತಿ ಕಷ್ಟದ್ದು ಎಂದು ನನ್ನ ಅನಿಸಿಕೆ. ಈ ವಿಷಯದಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಯಾವುವು ಈ ಹದಿಮೂರು ವಸಾಹತುಗಳು?

ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಾಲಾಗಿ ಇದ್ದ ಬ್ರಿಟಿಷ್ ವಸಾಹತುಗಳು. ಉತ್ತರದಲ್ಲಿ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ರೋಡ್ ಐಲ್ಯಾಂಡ್, ಕನೆಕ್ಟಿಕಟ್. ನಡುವೆ ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್. ದಕ್ಷಿಣಕ್ಕೆ ಮೇರಿಲ್ಯಾಂಡ್, ವರ್ಜೀನಿಯಾ, ಎರಡು ಕ್ಯಾರೊಲಿನಾಗಳು, ಕೊನೆಗೆ ಜಾರ್ಜಿಯಾ. 1775ರ ಹೊತ್ತಿಗೆ ಅಲ್ಲಿದ್ದ ಜನ ಸುಮಾರು 25 ಲಕ್ಷ. ಅವರಲ್ಲಿ ಸುಮಾರು ಐದರಲ್ಲಿ ಒಬ್ಬರು ಆಫ್ರಿಕಾ ಮೂಲದವರು, ಬಹುಪಾಲು ಗುಲಾಮರಾಗಿದ್ದವರು.

ಒಂದು ಮುಖ್ಯ ವಿಷಯವನ್ನು ಇಲ್ಲೇ ಹೇಳಬೇಕು. ಪ್ರತಿ ವಸಾಹತಿಗೂ ತನ್ನದೇ ಶಾಸನಸಭೆ ಇತ್ತು. ವರ್ಜೀನಿಯಾದ ಸಭೆ ಮೊದಲು ಸೇರಿದ್ದು 1619ರಲ್ಲಿ. ಆಸ್ತಿ ಇದ್ದ ಬಿಳಿಯ ಗಂಡಸರು ಮತ ಹಾಕಿ ಸದಸ್ಯರನ್ನು ಆರಿಸುತ್ತಿದ್ದರು. ಊರಿನ ತೆರಿಗೆ ಎಷ್ಟು, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ಈ ಸಭೆಗಳೇ ತೀರ್ಮಾನಿಸುತ್ತಿದ್ದವು. ಅನೇಕ ಕಡೆ ಗವರ್ನರ್ ಸಂಬಳ ಕೂಡ ಅವುಗಳ ಕೈಯಲ್ಲೇ ಇತ್ತು. ನೂರೈವತ್ತು ವರ್ಷ ಹೀಗೆ ತಮ್ಮ ಊರನ್ನು ತಾವೇ ನಡೆಸಿಕೊಂಡು ಬಂದ ಜನ ಇವರು. ಮುಂದೆ ಆದದ್ದೆಲ್ಲ ಅರ್ಥವಾಗಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಅವರೂ ಬ್ರಿಟಿಷ್ ಪ್ರಜೆಗಳೇ ಅಲ್ವಾ? ತಮ್ಮದೇ ರಾಜನ ಮೇಲೆ ಯಾಕೆ ತಿರುಗಿಬಿದ್ದರು?

1763ರಲ್ಲಿ ಕೇಳಿದ್ದರೆ ಅವರಲ್ಲಿ ಹೆಚ್ಚಿನವರು ತಾವು ಬ್ರಿಟಿಷ್ ಪ್ರಜೆಗಳೆಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಏಳು ವರ್ಷಗಳ ಯುದ್ಧದಲ್ಲಿ ಬ್ರಿಟನ್ ಫ್ರಾನ್ಸನ್ನು ಸೋಲಿಸಿ ಕೆನಡಾವನ್ನು ಗೆದ್ದಿತ್ತು. ವಸಾಹತುಗಳ ಜನರೂ ಆ ಯುದ್ಧದಲ್ಲಿ ಹೋರಾಡಿದ್ದರು.

ತೊಂದರೆ ಶುರುವಾದದ್ದು ಗೆಲುವಿನ ಬಿಲ್ಲು ಬಂದಾಗ. ಯುದ್ಧದಿಂದ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಅಮೆರಿಕದಲ್ಲಿ ಸೈನ್ಯ ಇಡಲು ಹಣ ಬೇಕಿತ್ತು. ಆ ಖರ್ಚಿನಲ್ಲಿ ಒಂದು ಪಾಲನ್ನು ವಸಾಹತುಗಳೇ ಕೊಡಲಿ ಎಂದು ಲಂಡನ್ನಿನ ಪಾರ್ಲಿಮೆಂಟ್ ತೀರ್ಮಾನಿಸಿತು. 1764ರಲ್ಲಿ ಸಕ್ಕರೆ ಕಾಯ್ದೆ ಬಂತು. 1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಕೋರ್ಟಿನ ಕಾಗದ, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲೆ, ಎಲ್ಲದರ ಮೇಲೂ ಮುದ್ರೆಯ ಸುಂಕ. ಇದರ ಜೊತೆ 1763ರಲ್ಲಿ ಇನ್ನೊಂದು ಆಜ್ಞೆ ಹೊರಟಿತ್ತು. ಅಪಲೇಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಯಾರೂ ಹೋಗಿ ನೆಲೆಸಬಾರದು ಎಂದು. ಆ ಭೂಮಿಯ ಮೇಲೆ ಕಣ್ಣಿಟ್ಟಿದ್ದವರಿಗೆ ಅದೂ ಕೋಪ ತರಿಸಿತು.

ತೆರಿಗೆ ಅಷ್ಟೊಂದು ಭಾರವಾಗಿತ್ತಾ?

ಇಲ್ಲ. ಬ್ರಿಟನ್ನಿನಲ್ಲಿದ್ದ ಜನ ಇವರಿಗಿಂತ ಎಷ್ಟೋ ಜಾಸ್ತಿ ತೆರಿಗೆ ಕೊಡುತ್ತಿದ್ದರು. ಅದಕ್ಕೇ, ಇದನ್ನು ಬರೀ ದುಡ್ಡಿನ ಜಗಳ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಅವರ ತಕರಾರು ತೆರಿಗೆಯ ಮೊತ್ತದ ಬಗ್ಗೆ ಅಲ್ಲ, ಅದನ್ನು ಹಾಕಿದವರು ಯಾರು ಎಂಬುದರ ಬಗ್ಗೆ. ಪಾರ್ಲಿಮೆಂಟಿನಲ್ಲಿ ಅವರು ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ನಮ್ಮ ಮಾತಿಗೆ ಜಾಗವೇ ಇಲ್ಲದ ಸಭೆ ನಮ್ಮ ಜೇಬಿಗೆ ಕೈ ಹಾಕಬಹುದಾ ಎಂಬುದು ಪ್ರಶ್ನೆ. ಇವತ್ತು ಒಂದು ಪೆನ್ನಿ ತೆಗೆದುಕೊಂಡವರು ನಾಳೆ ಎಲ್ಲವನ್ನೂ ತೆಗೆದುಕೊಳ್ಳಬಹುದು. ತಡೆಯುವವರು ಯಾರು?

1765ರ ಆಗಸ್ಟಿನಲ್ಲಿ ಬೋಸ್ಟನ್ ಜನ ಸ್ಟಾಂಪು ಹಂಚಬೇಕಿದ್ದ ಆಂಡ್ರ್ಯೂ ಆಲಿವರ್‌ನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದರು. ಅವನು ಆ ಕೆಲಸವನ್ನೇ ಬಿಟ್ಟ. ಬೇರೆ ಊರುಗಳಲ್ಲೂ ಸ್ಟಾಂಪಿನ ಅಧಿಕಾರಿಗಳು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. ಮರುವರ್ಷ ಪಾರ್ಲಿಮೆಂಟ್ ಕಾಯ್ದೆಯನ್ನು ವಾಪಸು ಪಡೆಯಿತು. ಆದರೆ ವಸಾಹತುಗಳಿಗೆ ಯಾವ ವಿಷಯದಲ್ಲಿ ಬೇಕಾದರೂ ಕಾನೂನು ಮಾಡುವ ಅಧಿಕಾರ ತನಗಿದೆ ಎಂದು ಅದೇ ಹೊತ್ತಿಗೆ ಇನ್ನೊಂದು ಕಾಯ್ದೆಯಲ್ಲಿ ಬರೆದಿಟ್ಟಿತು. ಬೆಂಕಿ ಆರಲಿಲ್ಲ.

ಬೋಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದದ್ದು ನಮ್ಮ ದೇಶದ ಟೀನಾ?

ಅಲ್ಲ. ಅದು ಚೀನಾದ ಟೀ. ಅಸ್ಸಾಮಿನ ತೋಟಗಳು ಬಂದದ್ದು ಮುಂದಿನ ಶತಮಾನದಲ್ಲಿ. ಆದರೂ ನಮ್ಮ ದೇಶದ ನಂಟು ಅದರಲ್ಲಿ ಇತ್ತು, ಯಾಕೆಂದರೆ ಟೀ ಈಸ್ಟ್ ಇಂಡಿಯಾ ಕಂಪನಿಯದು.

ಕಂಪನಿ ಆಗ ದಿವಾಳಿಯ ಅಂಚಿನಲ್ಲಿತ್ತು. ಲಂಡನ್ನಿನ ಗೋದಾಮುಗಳಲ್ಲಿ ಮಾರಾಟವಾಗದ ಟೀ ರಾಶಿ ಬಿದ್ದಿತ್ತು. ಅದನ್ನು ಪಾರು ಮಾಡಲು 1773ರಲ್ಲಿ ಪಾರ್ಲಿಮೆಂಟ್ ಟೀ ಕಾಯ್ದೆ ತಂದು, ಕಂಪನಿ ನೇರವಾಗಿ ಅಮೆರಿಕದಲ್ಲಿ ಮಾರಲು ಬಿಟ್ಟಿತು. ಇದರಿಂದ ಟೀ ಅಗ್ಗವಾಗುತ್ತಿತ್ತು. ಆದರೂ ಜನ ಒಪ್ಪಲಿಲ್ಲ. ಹಳೆಯ ಟೀ ಸುಂಕ ಹಾಗೇ ಉಳಿದಿತ್ತು. ಅಗ್ಗದ ಟೀ ಕುಡಿದರೆ ಪಾರ್ಲಿಮೆಂಟಿನ ತೆರಿಗೆ ಹಕ್ಕನ್ನೂ ಒಪ್ಪಿಕೊಂಡಂತೆ ಆಗುತ್ತಿತ್ತು. ಜೊತೆಗೆ ಊರಿನ ವ್ಯಾಪಾರಿಗಳ ಹೊಟ್ಟೆಗೂ ಹೊಡೆತ.

1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಜನ ಮೂರು ಹಡಗುಗಳಿಂದ 342 ಪೆಟ್ಟಿಗೆ ಟೀಯನ್ನು ಸಮುದ್ರಕ್ಕೆ ಸುರಿದರು. ಅದಕ್ಕೆ ಮೂರು ವರ್ಷ ಮುಂಚೆ ಬಂಗಾಳ ಭೀಕರ ಬರಗಾಲ ಕಂಡಿತ್ತು. ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ 1773ರಲ್ಲಿ ಬರೆದ ಲೇಖನದಲ್ಲಿ, ಏಷ್ಯಾದಲ್ಲಿ ಈ ಕಂಪನಿ ಮಾಡಿದ್ದನ್ನು ನೋಡಿ ಎಂದು ತನ್ನ ಜನರನ್ನು ಎಚ್ಚರಿಸಿದ. ಬಂಗಾಳದ ಸಂಕಟ ಅಷ್ಟು ದೂರದವರ ಕಣ್ಣು ತೆರೆಸಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳೂ ಹೇಳಬೇಕಿತ್ತು.

ಒಂದು ಊರಿನ ಗಲಾಟೆ ಹದಿಮೂರು ವಸಾಹತುಗಳ ಜಗಳ ಆದದ್ದು ಹೇಗೆ?

ಬ್ರಿಟನ್ ಕೊಟ್ಟ ಶಿಕ್ಷೆಯಿಂದ. 1774ರಲ್ಲಿ ಬೋಸ್ಟನ್ ಬಂದರನ್ನು ಮುಚ್ಚಲಾಯಿತು. ಮ್ಯಾಸಚೂಸೆಟ್ಸಿನ ಆಡಳಿತದ ಸನ್ನದನ್ನೇ ಬದಲಾಯಿಸಿ, ಊರಿನ ಸಭೆಗಳಿಗೂ ಕಡಿವಾಣ ಹಾಕಲಾಯಿತು. ಇವತ್ತು ಅವರಿಗೆ ಆದದ್ದು ನಾಳೆ ನಮಗೂ ಆಗಬಹುದು ಎಂದು ಉಳಿದವರಿಗೆ ಅನಿಸಿತು. ದಕ್ಷಿಣ ಕ್ಯಾರೊಲಿನಾದಿಂದ ಬೋಸ್ಟನ್ನಿಗೆ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಗಳು ಬಂದವು. ಸೆಪ್ಟೆಂಬರಿನಲ್ಲಿ ಜಾರ್ಜಿಯಾ ಬಿಟ್ಟು ಉಳಿದ ಹನ್ನೆರಡು ವಸಾಹತುಗಳು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಎಂಬ ಪ್ರತಿನಿಧಿಗಳ ಸಭೆ ಸೇರಿಸಿದವು. ಬ್ರಿಟಿಷ್ ಸಾಮಾನು ಕೊಳ್ಳಬಾರದು ಎಂದು ಗೊತ್ತುಮಾಡಿದವು. ಅದನ್ನು ನೋಡಿಕೊಳ್ಳಲು ಊರೂರಲ್ಲಿ ಸಮಿತಿಗಳನ್ನು ಆರಿಸಲಾಯಿತು.

ನನ್ನ ಮಟ್ಟಿಗೆ ಇಡೀ ಕತೆಯ ತಿರುವು ಇದೇ. ಗುಂಡು ಹಾರುವ ಮುಂಚೆಯೇ ಅಧಿಕಾರ ಕೈ ಬದಲಾಗಿತ್ತು. 1774ರ ಸೆಪ್ಟೆಂಬರಿನಲ್ಲಿ ವೂಸ್ಟರ್ ಎಂಬ ಊರಿನಲ್ಲಿ ಸಾವಿರಾರು ರೈತರು ಸಾಲಾಗಿ ನಿಂತು, ಕೋರ್ಟು ನಡೆಯದಂತೆ ಮಾಡಿದರು. ರಾಜನ ಅಧಿಕಾರಿಗಳು ಆ ಸಾಲಿನ ನಡುವೆ ನಡೆದು, ತಮ್ಮ ಅಧಿಕಾರ ಬಿಟ್ಟುಕೊಟ್ಟೆವು ಎಂದು ಹೇಳಬೇಕಾಯಿತು. ಒಂದು ಹನಿ ರಕ್ತವೂ ಚೆಲ್ಲಲಿಲ್ಲ. ಬೋಸ್ಟನ್ ಹೊರಗೆ ಮ್ಯಾಸಚೂಸೆಟ್ಸಿನಲ್ಲಿ ರಾಜನ ಆಳ್ವಿಕೆ ಅಷ್ಟರಲ್ಲೇ ಮುಗಿದಿತ್ತು. ದೊಡ್ಡ ಹೆಸರುಗಳ ಹಿಂದೆ ಹೋಗುವಾಗ ನಾವು ಈ ರೈತರನ್ನು ಮರೆಯುತ್ತೇವೆ.

ಅವರಿಗೆ ಮೊದಲಿನಿಂದಲೂ ಸ್ವಾತಂತ್ರ್ಯವೇ ಬೇಕಿತ್ತಾ?

ಇಲ್ಲ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ಗಳಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಕಾಳಗವಾಯಿತು. ಜೂನಿನಲ್ಲಿ ಕಾಂಗ್ರೆಸ್ ಜಾರ್ಜ್ ವಾಷಿಂಗ್ಟನ್‌ನನ್ನು ಸೇನಾಪತಿ ಮಾಡಿತು. ಆದರೂ ಜುಲೈನಲ್ಲಿ ಅದೇ ಕಾಂಗ್ರೆಸ್ ರಾಜ ಮೂರನೇ ಜಾರ್ಜ್‌ಗೆ ರಾಜಿಯ ಮನವಿ ಕಳಿಸಿತು. ರಾಜ ಅದನ್ನು ತೆಗೆದುಕೊಳ್ಳಲೇ ಇಲ್ಲ. ಇವರು ದಂಗೆಕೋರರು ಎಂದು ಘೋಷಿಸಿದ. ಜರ್ಮನ್ ನಾಡುಗಳಿಂದ ಬಾಡಿಗೆ ಸೈನಿಕರನ್ನೂ ಕಳಿಸಿದ.

1776ರ ಜನವರಿಯಲ್ಲಿ ಥಾಮಸ್ ಪೇನ್ ಒಂದು ಸಣ್ಣ ಪುಸ್ತಿಕೆ ಬರೆದ. ಅವನು ಇಂಗ್ಲೆಂಡಿನಿಂದ ಬಂದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ. ಅದುವರೆಗೆ ಎಲ್ಲರೂ ಪಾರ್ಲಿಮೆಂಟನ್ನು ಬೈಯುತ್ತಿದ್ದರು, ರಾಜನನ್ನು ಬಿಟ್ಟು. ಪೇನ್ ರಾಜತನವೇ ತಪ್ಪು ಎಂದ. ಸಾಮಾನ್ಯ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ. ಹೋಟೆಲು, ಮನೆ, ಸೈನ್ಯದ ಬಿಡಾರಗಳಲ್ಲಿ ಜನ ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದರು. ಆರು ತಿಂಗಳಲ್ಲಿ ಮನಸ್ಸು ಬದಲಾಯಿತು.

ಜುಲೈ 4ರಂದು ನಿಜವಾಗಿ ಏನಾಯಿತು?

ಬೇರೆಯಾಗಬೇಕು ಎಂದು ಕಾಂಗ್ರೆಸ್ ಮತ ಹಾಕಿದ್ದು ಜುಲೈ 2ಕ್ಕೆ. ಮುಂದೆ ಜನ ಆ ದಿನವನ್ನೇ ಹಬ್ಬ ಮಾಡುತ್ತಾರೆ ಎಂದು ಕಾಂಗ್ರೆಸ್ಸಿನ ಸದಸ್ಯ ಜಾನ್ ಆಡಮ್ಸ್ ಹೆಂಡತಿಗೆ ಪತ್ರ ಬರೆದಿದ್ದ. ಜುಲೈ 4ಕ್ಕೆ ಒಪ್ಪಿದ್ದು ಅದಕ್ಕೆ ಕಾರಣ ಕೊಡುವ ಘೋಷಣೆಯ ಪಠ್ಯವನ್ನು. ಐದು ಜನರ ಸಮಿತಿಯಲ್ಲಿ ಕರಡು ಬರೆದವನು ಥಾಮಸ್ ಜೆಫರ್ಸನ್. ಸಹಿಗಳು ಹೆಚ್ಚಿನವು ಬಿದ್ದದ್ದು ಆಗಸ್ಟ್ 2ರಂದು. ಜುಲೈ 9ಕ್ಕೆ ನ್ಯೂಯಾರ್ಕಿನಲ್ಲಿ ಘೋಷಣೆ ಓದಿದಾಗ ಜನ ರಾಜನ ಸೀಸದ ಪ್ರತಿಮೆಯನ್ನು ಕೆಡವಿದರು. ಆ ಸೀಸ ಆಮೇಲೆ ಬಂದೂಕಿನ ಗುಂಡಾಯಿತು.

ಎಲ್ಲ ಮನುಷ್ಯರೂ ಸಮಾನರು ಎಂದು ಬರೆದವರೇ ಗುಲಾಮರನ್ನು ಇಟ್ಟುಕೊಂಡಿದ್ದರಲ್ಲ?

ಹೌದು, ಮತ್ತು ಇದನ್ನು ಮೆತ್ತಗೆ ಮಾಡಿ ಹೇಳಬಾರದು. ಜೆಫರ್ಸನ್ ಜೀವಮಾನದಲ್ಲಿ ಅವನ ಒಡೆತನದಲ್ಲಿದ್ದ ಗುಲಾಮರು 600ಕ್ಕೂ ಹೆಚ್ಚು. ಅವನ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸುವ ಒಂದು ಭಾಗವಿತ್ತು. ಕಾಂಗ್ರೆಸ್ ಅದನ್ನು ತೆಗೆದುಹಾಕಿತು.

1775ರ ನವೆಂಬರಿನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್ ಒಂದು ಆಜ್ಞೆ ಹೊರಡಿಸಿದ. ದಂಗೆಯವರ ಗುಲಾಮರು ಓಡಿಬಂದು ಬ್ರಿಟಿಷ್ ಸೈನ್ಯ ಸೇರಿದರೆ ಅವರು ಸ್ವತಂತ್ರರು ಎಂದು. ಯುದ್ಧ ಮುಗಿಯುವಷ್ಟರಲ್ಲಿ ಸಾವಿರಾರು ಜನ ಓಡಿಬಂದಿದ್ದರು. ಅವರಿಗೆ ಸ್ವಾತಂತ್ರ್ಯ ಎಂದರೆ ರಾಜನ ಕಡೆ. 1783ರಲ್ಲಿ ಸುಮಾರು 3,000 ಮಂದಿ ನ್ಯೂಯಾರ್ಕಿನಿಂದ ಬ್ರಿಟಿಷ್ ಹಡಗು ಹತ್ತಿ ನೋವಾ ಸ್ಕೋಷಿಯಾಕ್ಕೆ ಹೋದರು. ಇತ್ತ ಅಮೆರಿಕನ್ ಸೈನ್ಯದಲ್ಲೂ ಸುಮಾರು 5,000 ಕಪ್ಪು ಸೈನಿಕರು ಹೋರಾಡಿದರು.

ಘೋಷಣೆಯ ಮಾತುಗಳು ಬರೆದವರ ಕೈಯಲ್ಲೇ ಉಳಿಯಲಿಲ್ಲ ಎಂಬುದೂ ನಿಜ. ಮ್ಯಾಸಚೂಸೆಟ್ಸಿನ ಹೊಸ ಸಂವಿಧಾನದಲ್ಲೂ ಎಲ್ಲರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟುತ್ತಾರೆ ಎಂಬ ಮಾತಿತ್ತು. 1781ರಲ್ಲಿ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಹೆಂಗಸು ಆ ಸಂವಿಧಾನದ ಬಲದಿಂದ ಕೋರ್ಟಿಗೆ ಹೋದಳು. ಗೆದ್ದಳು. ಎರಡೇ ವರ್ಷದಲ್ಲಿ ಅಲ್ಲಿನ ನ್ಯಾಯಾಲಯಗಳು ಗುಲಾಮಗಿರಿಗೆ ಆಸರೆ ಇಲ್ಲದಂತೆ ಮಾಡಿದವು. ಈ ಇಡೀ ಕತೆಯಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಗೌರವಿಸುವುದು ಅವಳನ್ನು. ದೇಶವಿಡೀ ಗುಲಾಮಗಿರಿ ಹೋಗಲು ಮಾತ್ರ 1865 ಬರಬೇಕಾಯಿತು.

ಎಲ್ಲ ಬಿಳಿಯರೂ ಒಂದೇ ಕಡೆ ಇದ್ದರಾ?

ಇಲ್ಲವೇ ಇಲ್ಲ. ರಾಜನ ಪರವಾಗಿದ್ದವರು ಕಡಿಮೆಯೇನೂ ಇರಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಘೋಷಣೆಗೆ ಸಹಿ ಹಾಕಿದವನು. ಅವನ ಮಗ ವಿಲಿಯಂ ನ್ಯೂಜೆರ್ಸಿಯಲ್ಲಿ ರಾಜನ ಗವರ್ನರ್ ಆಗಿದ್ದು, ಕೊನೆಯವರೆಗೂ ರಾಜನಿಗೇ ನಿಷ್ಠನಾಗಿ ಜೈಲಿಗೆ ಹೋದವನು. ಅಪ್ಪ ಮಗ ಮತ್ತೆ ಒಂದಾಗಲಿಲ್ಲ. ಯುದ್ಧದ ನಂತರ ಸುಮಾರು 60,000 ಜನ ಮನೆ, ಜಮೀನು ಬಿಟ್ಟು ದೇಶ ತೊರೆದರು.

ಅಲ್ಲಿನ ಮೂಲನಿವಾಸಿಗಳಿಗೆ ಏನಾಯಿತು?

ಅವರು ಸೋತರು, ಯಾವ ಕಡೆ ನಿಂತಿದ್ದರೂ ಸರಿ. ಇರೋಕ್ವಾ ಒಕ್ಕೂಟದ ಆರು ಜನಾಂಗಗಳು ಈ ಯುದ್ಧದಲ್ಲಿ ಒಡೆದುಹೋದವು. ಮೊಹಾಕ್ ನಾಯಕ ಜೋಸೆಫ್ ಬ್ರಾಂಟ್ ಬ್ರಿಟಿಷರ ಜೊತೆ ನಿಂತ. ಒನೈಡಾ ಜನ ಹೆಚ್ಚಾಗಿ ಅಮೆರಿಕನ್ನರ ಜೊತೆ ನಿಂತರು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಸೈನ್ಯ ಇರೋಕ್ವಾ ಹಳ್ಳಿಗಳನ್ನೂ ಬೆಳೆದು ನಿಂತ ಮೆಕ್ಕೆಜೋಳದ ಹೊಲಗಳನ್ನೂ ಸುಟ್ಟುಹಾಕಿತು. ಯುದ್ಧ ಮುಗಿಸಿದ 1783ರ ಒಪ್ಪಂದದಲ್ಲಿ ಬ್ರಿಟನ್ ಮಿಸಿಸಿಪ್ಪಿ ನದಿಯವರೆಗಿನ ನೆಲವನ್ನು ಬಿಟ್ಟುಕೊಟ್ಟಿತು. ಆ ನೆಲದಲ್ಲಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ, ಒಪ್ಪಂದದಲ್ಲಿ ಅವರ ಹೆಸರೂ ಇಲ್ಲ.

ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಸೋಲಿಸಿದ್ದು ಹೇಗೆ?

ಸೋತರೂ ಕರಗದೆ ಉಳಿದದ್ದರಿಂದ. ವಾಷಿಂಗ್ಟನ್ ಗೆದ್ದ ಕದನಗಳಿಗಿಂತ ಸೋತವೇ ಜಾಸ್ತಿ. 1776ರಲ್ಲಿ ನ್ಯೂಯಾರ್ಕ್ ಕೈಬಿಟ್ಟಿತು, ಮರುವರ್ಷ ಫಿಲಡೆಲ್ಫಿಯಾ. ಆದರೆ ಒಂದು ರಾಜಧಾನಿ ಹಿಡಿದರೆ ಮುಗಿಯುವ ಯುದ್ಧ ಇದಾಗಿರಲಿಲ್ಲ. ಅಧಿಕಾರ ಊರೂರಿನ ಸಮಿತಿಗಳಲ್ಲಿ ಹರಡಿಕೊಂಡಿತ್ತು. ಬ್ರಿಟಿಷ್ ಸೈನ್ಯ ನಿಂತ ಜಾಗ ಮಾತ್ರ ಬ್ರಿಟಿಷರದು, ಅದು ಮುಂದೆ ಹೋದ ಕೂಡಲೇ ಹಿಂದಿನ ಊರು ಮತ್ತೆ ಇವರದು. ಲಂಡನ್ನಿನಿಂದ ಒಂದು ಆದೇಶ ಅಟ್ಲಾಂಟಿಕ್ ದಾಟಿ ಬರಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು.

1777ರ ಅಕ್ಟೋಬರಿನಲ್ಲಿ ಸಾರಟೋಗಾದಲ್ಲಿ ಬ್ರಿಟಿಷ್ ಜನರಲ್ ಬರ್ಗಾಯ್ನ್ ಇಡೀ ಸೈನ್ಯದೊಂದಿಗೆ ಶರಣಾದ. ಇದನ್ನು ನೋಡಿ ಫ್ರಾನ್ಸ್ 1778ರ ಫೆಬ್ರವರಿಯಲ್ಲಿ ಬಹಿರಂಗವಾಗಿ ಒಪ್ಪಂದ ಮಾಡಿಕೊಂಡಿತು. ಗುಟ್ಟಾಗಿ ಮದ್ದುಗುಂಡು ಕೊಡುವುದು ಅದಕ್ಕೂ ಮುಂಚೆಯೇ ನಡೆದಿತ್ತು. ಆಮೇಲೆ ಸ್ಪೇನ್ ಕೂಡ ಯುದ್ಧಕ್ಕೆ ಇಳಿಯಿತು. ಸೈನ್ಯವನ್ನು ಉಳಿಸಿದ ಇನ್ನೊಂದು ನಿರ್ಧಾರವೂ ಇದೆ. ಶತ್ರುವಿನಷ್ಟೇ ಸಿಡುಬೂ ಸೈನಿಕರನ್ನು ಕೊಲ್ಲುತ್ತಿತ್ತು. 1777ರಲ್ಲಿ ವಾಷಿಂಗ್ಟನ್ ಸೈನ್ಯಕ್ಕೆಲ್ಲ ಸಿಡುಬಿನ ವಿರುದ್ಧ ಚುಚ್ಚಿಸಿದ.

1781ರಲ್ಲಿ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಬೀಡುಬಿಟ್ಟಿದ್ದ. ಫ್ರೆಂಚ್ ನೌಕಾಪಡೆ ಸಮುದ್ರದ ದಾರಿ ಮುಚ್ಚಿತು. ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೋಶಾಂಬೋ ನೆಲದ ದಾರಿ ಮುಚ್ಚಿದರು. ಅಕ್ಟೋಬರ್ 19ರಂದು 7,000ಕ್ಕೂ ಹೆಚ್ಚು ಸೈನಿಕರು ಆಯುಧ ಕೆಳಗಿಟ್ಟರು. ಫ್ರೆಂಚರಿಲ್ಲದೆ ಇದು ಆಗುತ್ತಿರಲಿಲ್ಲ.

ಹೈದರಾಲಿಗೂ ಈ ಯುದ್ಧಕ್ಕೂ ಸಂಬಂಧ ಇತ್ತು ಅಂತಾರೆ, ನಿಜಾನಾ?

ನಿಜ. ಫ್ರಾನ್ಸ್ ಯುದ್ಧಕ್ಕಿಳಿದ ಸುದ್ದಿ ತಲುಪಿದ ಕೂಡಲೇ ಬ್ರಿಟಿಷರು ಭಾರತದಲ್ಲಿದ್ದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. 1778ರಲ್ಲಿ ಪಾಂಡಿಚೇರಿ ಹಿಡಿದರು. 1779ರಲ್ಲಿ ಮಲಬಾರ್ ಕರಾವಳಿಯ ಮಾಹೆಯನ್ನು ಹಿಡಿದರು. ಮಾಹೆ ಹೈದರಾಲಿಯ ರಕ್ಷಣೆಯಲ್ಲಿದ್ದ ಬಂದರು. ಅವನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ದಾರಿಯೂ ಅದೇ. 1780ರಲ್ಲಿ ಅವನು ಕರ್ನಾಟಿಕ್ ಪ್ರದೇಶಕ್ಕೆ (ಈಗಿನ ತಮಿಳುನಾಡಿನ ಕಡೆ) ನುಗ್ಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಆ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಲಿಯ ಸೈನ್ಯ ನುಚ್ಚುನೂರಾಯಿತು.

ಹೈದರಾಲಿಯ ಹೆಸರು ಅಮೆರಿಕಕ್ಕೂ ಮುಟ್ಟಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ಒಂದು ಯುದ್ಧನೌಕೆಗೆ ಹೈದರ್ ಅಲಿ ಎಂದೇ ಹೆಸರಿಟ್ಟಿದ್ದರು. ಆ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಕಪ್ತಾನ ಆ ನೌಕೆಯಿಂದಲೇ ತನಗಿಂತ ಬಲವಾದ ಬ್ರಿಟಿಷ್ ನೌಕೆ ಜನರಲ್ ಮಾಂಕ್ ಅನ್ನು ಸೆರೆಹಿಡಿದ.

ಅಲ್ಲಿಯ ಶಾಂತಿ ಇಲ್ಲಿ ಪೆಟ್ಟು ಕೊಟ್ಟಿತು. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ಬಂತು. ಜೊತೆಯಲ್ಲಿದ್ದ ಫ್ರೆಂಚ್ ತುಕಡಿ ಮುಂದೆ ಹೋರಾಡಲು ಒಪ್ಪಲಿಲ್ಲ. ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು.

ಕೆನಡಾ, ಜಮೈಕಾ ಯಾಕೆ ಸೇರಲಿಲ್ಲ?

ಕ್ವಿಬೆಕ್‌ನ ಫ್ರೆಂಚ್ ಕ್ಯಾಥೊಲಿಕ್ಕರಿಗೆ ಬ್ರಿಟನ್ 1774ರಲ್ಲಿ ಧರ್ಮದ, ಕಾನೂನಿನ ರಕ್ಷಣೆ ಕೊಟ್ಟಿತ್ತು. 1775ರ ಕೊನೆಗೆ ಅಮೆರಿಕನ್ನರು ಅಲ್ಲಿಗೆ ಮಾಡಿದ ದಾಳಿಯೂ ಸೋತಿತು. ಜಮೈಕಾದಂಥ ದ್ವೀಪಗಳಲ್ಲಿ ಗುಲಾಮರ ಸಂಖ್ಯೆ ಬಿಳಿಯರಿಗಿಂತ ಎಷ್ಟೋ ಪಟ್ಟು ಜಾಸ್ತಿ. ದಂಗೆ ಎದ್ದರೆ ಕಾಯಲು ತೋಟದ ಮಾಲೀಕರಿಗೆ ಬ್ರಿಟಿಷ್ ಸೈನ್ಯವೇ ಬೇಕಿತ್ತು.

1783ರ ಒಪ್ಪಂದದೊಂದಿಗೆ ಒಂದು ದೇಶ ಸಿದ್ಧವಾಯಿತಾ?

ಕಾಗದದ ಮೇಲೆ ಮಾತ್ರ. ನಿಜದಲ್ಲಿ ಇದ್ದದ್ದು ಹದಿಮೂರು ರಾಜ್ಯಗಳ ಸಡಿಲ ಸ್ನೇಹಕೂಟ. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ನಿಯಮಗಳ ಪ್ರಕಾರ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ರಾಜ್ಯಗಳನ್ನು ಕೇಳಬಹುದು, ಅವು ಕೊಟ್ಟರೆ ಉಂಟು. ನಿಯಮ ಬದಲಾಯಿಸಲು ಹದಿಮೂರೂ ಒಪ್ಪಬೇಕು. ಆಮದಿನ ಮೇಲೆ ಸಣ್ಣ ಸುಂಕ ಹಾಕೋಣ ಎಂದಾಗ ರೋಡ್ ಐಲ್ಯಾಂಡ್ ಒಂದೇ ಬೇಡ ಎಂದಿತು, ಅಷ್ಟಕ್ಕೇ ನಿಂತಿತು. ಯುದ್ಧ ಗೆದ್ದ ಸೈನಿಕರಿಗೆ ಸಂಬಳ ಇಲ್ಲ. 1783ರ ಜೂನಿನಲ್ಲಿ ಬಾಕಿ ಕೇಳಲು ಬಂದ ಸೈನಿಕರಿಗೆ ಹೆದರಿ ಕಾಂಗ್ರೆಸ್ ಫಿಲಡೆಲ್ಫಿಯಾ ಬಿಟ್ಟು ಪ್ರಿನ್ಸ್‌ಟನ್ನಿಗೆ ಹೋಯಿತು.

1786ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸಿನ ರೈತರು ಮತ್ತೆ ಕೋರ್ಟುಗಳನ್ನು ಮುಚ್ಚಿಸಿದರು. ಈ ಸಲ ಎದುರಿಗೆ ಇದ್ದದ್ದು ತಮ್ಮದೇ ಸರ್ಕಾರ. ಸಾಲ ತೀರಿಸಲಾಗದವರ ಜಮೀನು ಹೋಗುತ್ತಿತ್ತು, ಕಂದಾಯ ಏರಿತ್ತು. ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ದಂಗೆಯನ್ನು ಅಡಗಿಸಿದರು. ಆದರೆ ಹೀಗೇ ಬಿಟ್ಟರೆ ಎಲ್ಲ ಚೂರಾಗುತ್ತದೆ ಎಂದು ನಾಯಕರಿಗೆ ಭಯ ಹತ್ತಿತು. ಆ ರೈತರ ಸಂಕಟವೂ ನಿಜವೇ ಆಗಿತ್ತು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ದೇಶ ಕೂಡಿದ್ದು ಯಾವಾಗ?

1787ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು 55 ಮಂದಿ ಚರ್ಚಿಸಿದರು. ರೋಡ್ ಐಲ್ಯಾಂಡ್ ಯಾರನ್ನೂ ಕಳಿಸಲಿಲ್ಲ. ದೊಡ್ಡ ರಾಜ್ಯಗಳು ಜನಸಂಖ್ಯೆಯ ಪ್ರಕಾರ ಸ್ಥಾನ ಕೇಳಿದವು, ಸಣ್ಣವು ಸರಿಸಮ ಕೇಳಿದವು. ಎರಡು ಸದನ ಮಾಡಿ ಇಬ್ಬರಿಗೂ ಒಂದೊಂದು ಕೊಟ್ಟರು. ಗುಲಾಮರ ವಿಷಯದಲ್ಲಿ ಮಾಡಿಕೊಂಡ ರಾಜಿ ಮಾತ್ರ ನಾಚಿಕೆಯದು. ಮತವೇ ಇಲ್ಲದ ಗುಲಾಮರಲ್ಲಿ ಐವರನ್ನು ಮೂವರೆಂದು ಎಣಿಸಿ, ಅದರ ಲಾಭವನ್ನು ಒಡೆಯರ ರಾಜ್ಯಗಳಿಗೆ ಕೊಟ್ಟರು.

1788ರ ಜೂನಿನಲ್ಲಿ ಒಂಬತ್ತನೆಯ ರಾಜ್ಯವಾಗಿ ನ್ಯೂ ಹ್ಯಾಂಪ್‌ಶೈರ್ ಒಪ್ಪಿದಾಗ ಸಂವಿಧಾನಕ್ಕೆ ಬಲ ಬಂತು. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಅಧ್ಯಕ್ಷನಾದ. ಜನರ ಹಕ್ಕುಗಳನ್ನು ಯಾಕೆ ಬರೆದಿಲ್ಲ ಎಂದು ಅನೇಕರು ಪಟ್ಟು ಹಿಡಿದದ್ದರಿಂದ 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಹದಿಮೂರನೆಯದಾಗಿ ರೋಡ್ ಐಲ್ಯಾಂಡ್ ಒಳಗೆ ಬಂದದ್ದು 1790ರ ಮೇ ತಿಂಗಳಲ್ಲಿ, 34ಕ್ಕೆ 32 ಮತಗಳಿಂದ. ಸ್ಟಾಂಪ್ ಕಾಯ್ದೆಯಿಂದ ಲೆಕ್ಕ ಹಾಕಿದರೆ 25 ವರ್ಷ.

ಬೇರೆ ವಸಾಹತುಗಳು ಇದರಿಂದ ಧೈರ್ಯ ಪಡೆದವಾ?

ಪಡೆದವು. ವೆನಿಜುವೆಲಾ 1811ರಲ್ಲಿ ಸ್ಪೇನ್‌ನಿಂದ ಬೇರೆಯಾದೆವು ಎಂದು ಘೋಷಿಸಿತು. ದಕ್ಷಿಣ ಅಮೆರಿಕದ ಇತರ ನಾಡುಗಳೂ ಹಿಂದೆಯೇ ಬಂದವು. ಅದಕ್ಕೂ ಮೊದಲು, 1804ರ ಜನವರಿ 1ರಂದು, ಗುಲಾಮರೇ ದಂಗೆಯೆದ್ದು ಫ್ರಾನ್ಸನ್ನು ಸೋಲಿಸಿ ಹೈಟಿ ಎಂಬ ದೇಶ ಕಟ್ಟಿದ್ದರು. 1779ರಲ್ಲಿ ಜಾರ್ಜಿಯಾದ ಸವಾನಾ ಮುತ್ತಿಗೆಯಲ್ಲಿ ಆ ದ್ವೀಪದ ಕಪ್ಪು ಸೈನಿಕರು ಅಮೆರಿಕದ ಪರವಾಗಿ ಹೋರಾಡಿದ್ದರು. ಆದರೂ ಹೈಟಿಯನ್ನು ಒಂದು ದೇಶ ಎಂದು ಅಮೆರಿಕ ಒಪ್ಪಿಕೊಂಡದ್ದು 1862ರಲ್ಲಿ, ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟ ಬಿಟ್ಟುಹೋದ ಮೇಲೆ.